ಅಂಗೈಯಲ್ಲಿ ಲಿಂಗ, ಕಣ್ಣು ಗಡಿಯಾರದಲ್ಲಿ

ಶ್ರಾವಣ ಮಾಸ ಬಂದಿತೆಂದರೆ ನಮ್ಮ ಉತ್ತರ ಕರ್ನಾಟಕದ ಊರುಗಳಿಗೆ ಒಂದು ಬಗೆಯ ಹೊಸ ಕಳೆ ಬರುತ್ತದೆ. ಮಠಗಳಲ್ಲಿ ಸಂಜೆಯ ಪ್ರವಚನ, ಓಣಿಗಳಲ್ಲಿ ಶರಣರ ಪುರಾಣ, ಸೋಮವಾರದ ಒಪ್ಪತ್ತು, ಮುಂಜಾನೆಯೇ ಪೇಟೆಯಲ್ಲಿ ಬಂದು ಕುಳಿತ ಬಿಲ್ವಪತ್ರೆಯ ಬುಟ್ಟಿಗಳು, ಇವೆಲ್ಲವೂ ಸೇರಿ ವರುಷದ ಉಳಿದ ಹನ್ನೊಂದು ತಿಂಗಳು ಮರೆತುಹೋದುದನ್ನು ಈ ಒಂದು ತಿಂಗಳು ನೆನಪಿಸಿಕೊಡುತ್ತವೆ. ಇಂಥ ಒಂದು ಶ್ರಾವಣ ಸೋಮವಾರದಂದೇ ನಮ್ಮ ಮನೆಯಲ್ಲಿ ನಡೆಯಬಾರದ ಪ್ರಸಂಗವೊಂದು ನಡೆಯಿತು. ಹೇಳಿಕೊಳ್ಳಲು ಸಂಕೋಚವಿದೆ. ಆದರೆ ಓದುವ ಬಂಧುಗಳಲ್ಲಿ ಅನೇಕರ ಮನೆಯ ಬೆಳಗು ನಮ್ಮ ಮನೆಯ ಬೆಳಗಿನಂತೆಯೇ ಇರುವುದೆಂದು ಬಲ್ಲೆವಾದ್ದರಿಂದ ಹೇಳುವುದೇ ಲೇಸೆಂದು ತೋರಿತು.

ನಮ್ಮ ವಾಸ ಹುಬ್ಬಳ್ಳಿಯಲ್ಲಿ, ನೌಕರಿ ಧಾರವಾಡದಲ್ಲಿ. 2018ರಲ್ಲಿ ಎರಡೂ ಊರುಗಳ ನಡುವೆ ತನ್ನದೇ ದಾರಿಯಲ್ಲಿ ಚಿಗರಿ ಬಸ್ಸು ಓಡತೊಡಗಿದಾಗ ನಾವು ಬಹಳ ಸಂತೋಷಪಟ್ಟವರು. ಅದುವರೆಗೆ ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಂಡು ಕಳೆಯುತ್ತಿದ್ದ ಹೊತ್ತು ಉಳಿಯಿತು. ಉಳಿದ ಹೊತ್ತನ್ನು ಮನೆಗೆ, ಪೂಜೆಗೆ, ಅವ್ವನ ಮಾತಿಗೆ ಕೊಡಬಹುದೆಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆವು. ಕೆಲವೇ ತಿಂಗಳಲ್ಲಿ ಆ ಲೆಕ್ಕ ತಲೆಕೆಳಗಾಯಿತು. ಬಸ್ಸು ಬೇಗ ಹೋಗುತ್ತದೆಂದು ನಾವು ತಡವಾಗಿ ಏಳಲಾರಂಭಿಸಿದೆವು. ಮೊದಲು ಇಪ್ಪತ್ತು ನಿಮಿಷ ನಡೆಯುತ್ತಿದ್ದ ಲಿಂಗಪೂಜೆ ಹತ್ತಕ್ಕಿಳಿಯಿತು, ಬಳಿಕ ನಾಲ್ಕಕ್ಕೆ. ವೇಗದಿಂದ ಉಳಿಸಿದ ಹೊತ್ತು ಯಾರ ಕೈಗೂ ಸಿಗದೆ ಎಲ್ಲಿಗೆ ಹೋಗುತ್ತದೆಂಬುದು ಇಂದಿಗೂ ನಮಗೆ ಬಗೆಹರಿದಿಲ್ಲ.

ಆ ಸೋಮವಾರ ಎಡಗೈಯಲ್ಲಿ ಲಿಂಗವಿದ್ದಿತು. ಎದುರಿನ ಗೋಡೆಯ ಗಡಿಯಾರ ಎಂಟು ಹತ್ತನ್ನು ತೋರಿಸುತ್ತಿತ್ತು. ಪಕ್ಕದಲ್ಲಿಟ್ಟಿದ್ದ ಮೊಬೈಲು ಗುಂಯ್‌ಗುಟ್ಟಿತು. ಅದನ್ನು ಸುಮ್ಮನಾಗಿಸಲೆಂದು ಬಲಗೈ ಚಾಚಿದೆವು, ಎಡಗೈ ವಾಲಿತು. ಲಿಂಗ ಜಾರಿ ಮಣೆಯ ಅಂಚಿಗೆ ತಾಗಿ ನೆಲಕ್ಕುರುಳಿತು. ಎತ್ತಿ ನೋಡಿದರೆ ಅದರ ಕಪ್ಪು ಮೈಯಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿತ್ತು.

ಈ ಮಾತಿನ ಭಾರವೇನೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಲಿಂಗ ಕಳೆದುಕೊಂಡವನು ಪ್ರಾಣವನ್ನೇ ಬಿಡಬೇಕೆಂಬ ಕಟ್ಟುನಿಟ್ಟು ಹಿಂದಿನ ಕಾಲದಲ್ಲಿ ಇದ್ದಿತೆಂದು ಹಿರಿಯರಿಂದ ಕೇಳಿ ಬೆಳೆದವರು ನಾವು. ಹಾಗೆ ಮಾಡುವವರು ಈಗ ಇಲ್ಲ, ಇರಲೂಬಾರದು. ಆದರೂ ಕೈಕಾಲು ತಣ್ಣಗಾದವು. ಎಂಬತ್ತು ದಾಟಿದ ನಮ್ಮ ಅವ್ವ ಪಡಸಾಲೆಯಿಂದಲೇ ನೋಡಿದ್ದರು. ಬಯ್ಯಲಿಲ್ಲ. ಇಷ್ಟೇ ಅಂದರು:

"ಲಿಂಗಪ್ಪ ಎಲ್ಲೂ ಓಡಿ ಹೋಗೂದಿಲ್ಲೋ ತಮ್ಮಾ, ನೀನ ಓಡಾಕತ್ತಿ."

ಅಂದು ರಜೆ ಹಾಕಿ ನಮ್ಮ ಮನೆತನದ ಗುರುಗಳ ಮಠಕ್ಕೆ ಹೋದೆವು. ದಾರಿಯುದ್ದಕ್ಕೂ ಮನಸ್ಸು ಒಂದು ಸಮಾಧಾನವನ್ನು ಹುಡುಕುತ್ತಿತ್ತು. ಸಿಕ್ಕಿತು: ನುಲಿಯ ಚಂದಯ್ಯನವರ ಕಥೆ.

ಹನ್ನೆರಡನೆಯ ಶತಮಾನದ ಈ ಶರಣರ ಕಾಯಕ ಹುಲ್ಲು ಕೊಯ್ದು ತಂದು ಹಗ್ಗ ಹೊಸೆದು ಮಾರುವುದು, ಬಂದ ಹಣದಲ್ಲಿ ಜಂಗಮ ದಾಸೋಹ ನಡೆಸುವುದು. ಒಂದು ದಿನ ಹುಲ್ಲು ಕೊಯ್ಯುತ್ತಿರುವಾಗ ಅವರ ಇಷ್ಟಲಿಂಗ ಜಾರಿ ಬಿದ್ದಿತು. ಚಂದಯ್ಯನವರು ಅದನ್ನು ಎತ್ತಿಕೊಳ್ಳಲಿಲ್ಲ. ಹುಲ್ಲಿನ ಹೊರೆ ಹೊತ್ತು ನಡೆದೇಬಿಟ್ಟರು. ಲಿಂಗವೇ ತನ್ನನ್ನು ಧರಿಸಿಕೊಳ್ಳೆಂದು ಬೆನ್ನಟ್ಟಿ ಬಂದಿತಂತೆ. ಕಡೆಗೆ ಮಡಿವಾಳ ಮಾಚಯ್ಯನವರು ನಡುವೆ ನಿಂತು ಇಬ್ಬರನ್ನೂ ಒಪ್ಪಿಸಬೇಕಾಯಿತು. ಲಿಂಗಕ್ಕೂ ಕಾಯಕ ತಪ್ಪದೆಂಬ ಕರಾರಿನ ಮೇಲೆ ಹಗ್ಗ ಮಾರಿ ಬರುವ ಕೆಲಸ ಲಿಂಗದ ಪಾಲಿಗೆ ಬಂದಿತು. ಬಸವಣ್ಣನವರು ಆ ಹಗ್ಗಕ್ಕೆ ಸಲ್ಲುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಹಣ ಕೊಟ್ಟಾಗ ಚಂದಯ್ಯನವರು ಅವರನ್ನೂ ಬಿಡದೆ ಆಕ್ಷೇಪಿಸಿದರೆಂದು ಕಥೆ ಮುಂದುವರಿಯುತ್ತದೆ. ಶೂನ್ಯಸಂಪಾದನೆಯಲ್ಲಿ ಈ ಪ್ರಸಂಗಕ್ಕೆ ದೊಡ್ಡ ಸ್ಥಾನವಿದೆ.

ಕಾಯಕದ ಮುಂದೆ ಲಿಂಗಪೂಜೆಯೂ ಎರಡನೆಯದೆಂದ ಮೇಲೆ ನೌಕರಿಗೆ ಹೊತ್ತಾಯಿತೆಂದು ಅವಸರಪಟ್ಟದ್ದು ಅಷ್ಟು ದೊಡ್ಡ ತಪ್ಪೇನಲ್ಲವೆಂದು ನಾವು ವಾದ ಕಟ್ಟಿಕೊಂಡು ಹೋದೆವು. ಇಂದು ನಮ್ಮ ಸಮಾಜದ ಎಷ್ಟೋ ಜನ ನೌಕರಸ್ಥರು, ವ್ಯಾಪಾರಸ್ಥರು ಮನಸ್ಸಿನಲ್ಲಿ ಇದೇ ವಾದವನ್ನು ಇಟ್ಟುಕೊಂಡಿದ್ದಾರೆಂಬುದು ನಮ್ಮ ಅನುಭವ. 'ನಮ್ಮದು ಕಾಯಕದ ಧರ್ಮ' ಎಂದು ಹೇಳಿದರೆ ಪೂಜೆಯನ್ನೂ ಊಟವನ್ನೂ ಮಕ್ಕಳ ಮಾತನ್ನೂ ಹಿಂದಕ್ಕೆ ತಳ್ಳಲು ಪರವಾನಗಿ ಸಿಕ್ಕಂತಾಗುತ್ತದೆ.

ಗುರುಗಳು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು:

"ಲಿಂಗ ಬಿದ್ದಾಗ ಚಂದಯ್ಯನ ಕೈಯಾಗ ಹುಲ್ಲಿತ್ತು. ನಿನ್ನ ಕೈಯಾಗ ಏನಿತ್ತಪಾ?"

"ಫೋನ್ರೀ ಅಜ್ಜಾರ."

"ಯಾರ ಫೋನು?"

ಅದನ್ನು ನಾವು ಆಮೇಲೆ ನೋಡಿದ್ದೆವು. ಸಾಲ ಬೇಕೇನೆಂದು ಕೇಳುವವರ ಕರೆ ಅದು. ಹೇಳಿದೆವು. ಗುರುಗಳು ಮನಸಾರೆ ನಕ್ಕರು. "ಹಂಗಾರ ಅದು ಕಾಯಕನೂ ಅಲ್ಲ, ದಾಸೋಹನೂ ಅಲ್ಲ" ಎಂದರು. ನಮಗೂ ನಗು ಬಂದಿತು, ಜೊತೆಗೆ ಕಣ್ಣೂ ತುಂಬಿ ಬಂದಿತು.

ಚಕ್ಕೆ ಎದ್ದ ಲಿಂಗವನ್ನು ಇಸಿದುಕೊಂಡು ಅವರು ಬೇರೊಂದು ಇಷ್ಟಲಿಂಗವನ್ನು ಅನುಗ್ರಹಿಸಿದರು. ಪ್ರಾಯಶ್ಚಿತ್ತವೆಂದು ಜಪದ ಸಂಖ್ಯೆಯನ್ನಾಗಲಿ ಉಪವಾಸವನ್ನಾಗಲಿ ಹೇಳಲಿಲ್ಲ. "ತೊಯ್ಸಿ ಹಚ್ಚಿದ ಈಬತ್ತಿ ಒಣಗೂತನಕ ಏಳಬ್ಯಾಡ. ಅಷ್ಟ ಸಾಕು. ಗಡಿಯಾರಕ್ಕ ಬೆನ್ನ ಮಾಡಿ ಕುಂದ್ರು" ಎಂದರು.

ಹಿಂದಿರುಗುವಾಗ ಚಂದಯ್ಯನವರ ಕಥೆಯನ್ನೇ ಮತ್ತೆ ಮತ್ತೆ ನೆನೆದೆವು. ನಾವು ಚಿಕ್ಕವರಿದ್ದಾಗ ನಮ್ಮ ತಂದೆಯವರು ಬೇಸಿಗೆಯ ದಿನಗಳಲ್ಲಿ ಹೊಲಮನೆಯ ಬಳಕೆಗೆ ಪುಂಡಿಯ ನಾರಿನ ಹಗ್ಗ ಮಾಡುತ್ತಿದ್ದರು. ಪುಂಡಿಯ ಕಟ್ಟುಗಳನ್ನು ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು, ತೊಳೆದು ಒಣಗಿಸಿದ ಮೇಲೆ ಎಳೆ ತೆಗೆಯುವ ಕೆಲಸ. ಎಳೆಗಳನ್ನು ಒಂದು ದಿಕ್ಕಿಗೆ ತಿರುವಿ ಹುರಿ ಮಾಡಬೇಕು. ಹುರಿಗೊಂಡ ಎಳೆಗಳನ್ನು ಜೋಡಿಸಿ ಎದುರು ದಿಕ್ಕಿಗೆ ಹೊಸೆಯಬೇಕು. ಆಗ ಬಿಚ್ಚಿಕೊಳ್ಳಲು ಹವಣಿಸುವ ಎಳೆಗಳೇ ಒಂದನ್ನೊಂದು ಬಿಗಿದು ಹಿಡಿಯುತ್ತವೆ. ಅವಸರದಲ್ಲಿ ತಿರುವಿದರೆ ಹುರಿ ಒಂದೆಡೆ ಬಿಗಿ, ಒಂದೆಡೆ ಸಡಿಲ. ಅಂಥ ಹಗ್ಗ ನೋಡಲು ಹಗ್ಗವೇ. ಬಾವಿಯ ಅರ್ಧಕ್ಕೆ ಕೊಡ ಬಂದಾಗ ಅದರ ಗುಣ ಗೊತ್ತಾಗುತ್ತದೆ. ಹಗ್ಗ ಹೊಸೆಯುವವನ ಕೈ ಬಿಡುವಿಲ್ಲದೆ ಆಡುತ್ತಿರುತ್ತದೆ, ಆದರೆ ಆ ಕೈಯಲ್ಲಿ ಗಡಿಬಿಡಿ ಇರುವುದಿಲ್ಲ. ಚಂದಯ್ಯನವರು ಲಿಂಗವನ್ನು ಬಿಟ್ಟು ನಡೆದದ್ದು ಹೊತ್ತು ಉಳಿಸುವುದಕ್ಕಾಗಿ ಎಂದು ತಿಳಿದಿದ್ದ ನಮ್ಮ ಬುದ್ಧಿಗೆ ಏನು ಹೇಳೋಣ! ಒಂದರಲ್ಲಿ ಪೂರ್ತಿಯಾಗಿ ನಿಂತವರು ಅವರು. ನಾವಾದರೋ ಪೂಜೆಯಲ್ಲಿ ಕಚೇರಿಯನ್ನೂ ಕಚೇರಿಯಲ್ಲಿ ಮನೆಯನ್ನೂ ಊಟದಲ್ಲಿ ದೂರದರ್ಶನವನ್ನೂ ಸೇರಿಸಿಕೊಂಡವರು.

ಷಟ್‌ಸ್ಥಲಗಳಲ್ಲಿ ಒಂದೊಂದಕ್ಕೆ ಒಂದೊಂದು ಬಗೆಯ ಭಕ್ತಿಯನ್ನು ಹೇಳಿದ್ದಾರೆ. ಭಕ್ತನದು ಶ್ರದ್ಧಾಭಕ್ತಿ, ಮಹೇಶನದು ನಿಷ್ಠಾಭಕ್ತಿ, ಪ್ರಸಾದಿಯದು ಅವಧಾನಭಕ್ತಿ. ಅಲ್ಲಿಂದ ಮುಂದೆ ಪ್ರಾಣಲಿಂಗಿಗೆ ಅನುಭಾವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ. ಬಾಲ್ಯದಲ್ಲಿ ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆವೇ ಹೊರತು 'ಅವಧಾನ' ಎಂಬ ಮಾತು ಪ್ರಸಾದಿಯ ಪಾಲಿಗೇ ಏಕೆ ಬಂದಿತೆಂದು ಯೋಚಿಸಿರಲಿಲ್ಲ. ನಾವು ದಿನವೂ ಆಡುವ 'ಸಾವಧಾನ' ಎಂಬ ಮಾತಿನಲ್ಲಿ ಈ ಅವಧಾನವೇ ಇದೆ; ಅವಧಾನದಿಂದ ಕೂಡಿದ್ದೇ ಸಾವಧಾನ. ಬಾಯಿಗೆ ಬಂದ ತುತ್ತನ್ನು ಕೊಟ್ಟವನ ನೆನಪಿನಿಂದ ಸ್ವೀಕರಿಸುವವನು ಪ್ರಸಾದಿ. ನೆನಪಿಲ್ಲದೆ ನುಂಗಿದರೆ ಅದು ಬರಿಯ ಅನ್ನ. ಶ್ರದ್ಧೆ ನಿಷ್ಠೆಗಳು ನಮ್ಮಲ್ಲಿ ಇನ್ನೂ ಇವೆ; ಜಾತ್ರೆಗೆ ಹೋಗುತ್ತೇವೆ, ಮಠಕ್ಕೆ ಕಾಣಿಕೆ ಕೊಡುತ್ತೇವೆ, ಹಣೆಗೆ ವಿಭೂತಿ ತಪ್ಪಿಸುವುದಿಲ್ಲ. ನಾವು ಸಿಕ್ಕಿಬಿದ್ದಿರುವುದು ಮೂರನೆಯ ಮೆಟ್ಟಿಲಲ್ಲಿ.

ಇನ್ನು ವಿಭೂತಿಯ ಮಾತು. ನೀರಿನಲ್ಲಿ ತೊಯ್ಸಿ ಬಳಿದುಕೊಂಡ ವಿಭೂತಿ ಮೊದಲು ಕಣ್ಣಿಗೆ ಕಾಣುವುದೇ ಇಲ್ಲವೆನ್ನಬೇಕು. ಮೈ ಬಣ್ಣದಲ್ಲಿಯೇ ಅಡಗಿರುತ್ತದೆ. ಒಣಗುತ್ತ ಬಂದಂತೆ ಬೆಳ್ಳಗಾಗುತ್ತದೆ. ಮೊದಲು ಅಂಚುಗಳು, ಕಡೆಗೆ ನಡುವಿನ ಪಟ್ಟಿ. ಹಣೆಯದನ್ನು ಕಾಣಲಾಗದು, ಆದರೆ ಚರ್ಮ ಮೆಲ್ಲಗೆ ಬಿಗಿಯುವುದು ತಿಳಿಯುತ್ತದೆ. ಲಿಂಗ ಹಿಡಿದ ಕೈಯ ಮೇಲಿನ ಗೆರೆಗಳಾದರೋ ಕಣ್ಣೆದುರಿಗೇ ಬಿಳಿಯೇರುತ್ತವೆ. ಐವತ್ತು ವರುಷ ವಿಭೂತಿ ಧರಿಸಿಯೂ ಇದನ್ನು ನಾವು ಒಮ್ಮೆಯೂ ನೋಡಿರಲಿಲ್ಲ. ಹಚ್ಚಿಕೊಂಡ ಕೂಡಲೇ ಅಂಗಿ ತೊಟ್ಟು ಓಡಿದವರಿಗೆ ಕಾಣುವುದೆಂತು? ಎಷ್ಟೋ ಅಂಗಿಗಳ ತೋಳಿಗೆ ಹತ್ತಿದ ಬಿಳಿಯ ಕಲೆಯ ಗುಟ್ಟು ಆಗ ತಿಳಿಯಿತು.

ಮೊದಲ ವಾರ ಕಷ್ಟವಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಗಡಿಯಾರಕ್ಕೆ ಬೆನ್ನು ಮಾಡಿ ಕುಳಿತರೂ ಅದರ ಟಿಕ್ ಟಿಕ್ ಕಿವಿಗೆ ಬೀಳುತ್ತಿತ್ತು. ಮನಸ್ಸು ಬಸ್ಸು ನಿಲ್ದಾಣಕ್ಕೆ ಹೋಗಿ ಬರುತ್ತಿತ್ತು. ಅರೆಗಣ್ಣಿನಿಂದ ಲಿಂಗದ ಕಪ್ಪು ಹೊಳಪನ್ನು ನೋಡುತ್ತಿದ್ದಂತೆ ಎರಡನೆಯ ವಾರದ ಹೊತ್ತಿಗೆ ಉಸಿರು ತಾನಾಗಿಯೇ ಉದ್ದವಾಯಿತು. ಸ್ವಸ್ಥನಾದ ಮನುಷ್ಯ ಸುಮ್ಮನಿರುವಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆಂದು ವೈದ್ಯರು ಹೇಳುತ್ತಾರೆ. ಅದು 6ರ ಸುಮಾರಿಗೆ ಇಳಿದಾಗ ಮಿದುಳಿನಿಂದ ಹೃದಯದತ್ತ ಹೋಗುವ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತ ತಗ್ಗುತ್ತದೆ, ಬಿಗಿದ ಸ್ನಾಯುಗಳು ಸಡಿಲಾಗುತ್ತವೆ. ಇದರಿಂದ ರೋಗಗಳೆಲ್ಲ ಮಾಯವಾಗುವುವೆಂದು ಹೇಳುವವರ ಸಾಲಿನಲ್ಲಿ ನಾವಿಲ್ಲ. ರಕ್ತದೊತ್ತಡದ ಗುಳಿಗೆಯನ್ನು ಇಂದಿಗೂ ನುಂಗುತ್ತಿದ್ದೇವೆ. ಕಚೇರಿಯಲ್ಲಿ ಸಣ್ಣ ಮಾತಿಗೆ ಸಿಡಿಯುವುದು ಕಡಿಮೆಯಾಗಿದೆಯೆಂದು ಜೊತೆಯವರು ಹೇಳಿದ್ದಂತೂ ನಿಜ.

ಮನೆಯಲ್ಲಿ ಮಾತ್ರ ಬೇರೊಂದು ಸಿಡಿಲು ಕಾದಿತ್ತು. ತಿಂಗಳೊಂದು ಕಳೆದಿರಬೇಕು. ನಾವು ಪೂಜೆ ಮುಗಿಸಿ ಪ್ರಸನ್ನರಾಗಿ ಅಡುಗೆಮನೆಗೆ ಬಂದೆವು. ಒಲೆಯ ಮೇಲೆ ರೊಟ್ಟಿ, ಕುಕ್ಕರಿನ ಸೀಟಿ, ನಳದ ನೀರು ತುಂಬಿ ಹರಿಯುವ ಸದ್ದು, ಅವ್ವನ ಔಷಧದ ಹೊತ್ತು, ಇವೆಲ್ಲದರ ನಡುವೆ ನಿಂತ ನಮ್ಮ ಮನೆಯವರು ತಿರುಗಿ ನೋಡದೆಯೇ ಅಂದರು:

"ನಿಮ್ಮ ಈಬತ್ತಿ ಒಣಗೂದರಾಗ ನನ್ನ ರೊಟ್ಟಿ ಸೀದು ಹೋಗ್ತಾವ್ರಿ. ನನ್ನ ಕೊರಳಾಗೂ ಲಿಂಗ ಐತಿ. ಅದಕ್ಕ ಹೊತ್ತು ಕೊಡವರು ಯಾರು?"

ಉತ್ತರ ಹೊಳೆಯಲಿಲ್ಲ. ನಮ್ಮ ನಿಧಾನವೆಲ್ಲವೂ ಅವರ ಗಡಿಬಿಡಿಯ ಮೇಲೆ ಕುಳಿತಿತ್ತು. ಮೊದಲು ನಾವು ಮಾಡುತ್ತಿದ್ದ ನೀರು ತುಂಬುವ, ಅವ್ವನಿಗೆ ಚಹಾ ಕೊಡುವ ಸಣ್ಣಪುಟ್ಟ ಕೆಲಸಗಳು ಸಹ ಈಗ ಅವರ ಪಾಲಿಗೆ ಹೋಗಿದ್ದವು. ಹೆಣ್ಣಿಗೂ ಗಂಡಿಗೂ ಒಂದೇ ಲಿಂಗವನ್ನು ಕೊಟ್ಟ ಧರ್ಮ ನಮ್ಮದೆಂದು ಸಭೆಗಳಲ್ಲಿ ಎಷ್ಟು ಹೆಮ್ಮೆಯಿಂದ ಹೇಳುತ್ತೇವೆ! ಲಿಂಗವನ್ನು ಕೊಟ್ಟೆವು, ಅದನ್ನು ಅಂಗೈಯಲ್ಲಿ ಹಿಡಿದು ಕೂರುವ ಹೊತ್ತನ್ನು ಕೊಡಲಿಲ್ಲ. ಎಷ್ಟು ಮನೆಗಳಲ್ಲಿ ತಾಯಂದಿರ ಪೂಜೆ ಎಲ್ಲರೂ ಹೋದ ಮೇಲೆ, ಹಸಿದ ಹೊಟ್ಟೆಯಲ್ಲಿ, ಹನ್ನೊಂದು ಗಂಟೆಗೆ ನಡೆಯುತ್ತದೆಂಬುದನ್ನು ಓದುಗರು ತಮ್ಮ ತಮ್ಮ ಮನೆಯಲ್ಲಿಯೇ ನೋಡಿಕೊಳ್ಳಬಹುದು.

ಆಗ ನೆನಪಾದವರು ಆಯ್ದಕ್ಕಿ ಲಕ್ಕಮ್ಮನವರು. ಪತಿ ಮಾರಯ್ಯನವರು ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವರು. ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಒಪ್ಪಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಕಳುಹಿಸಿದರು. ಮಾರಯ್ಯನವರು ಹೋದರು. ಮಡದಿಯ ಮಾತಿಗೆ ಗಂಡನು ಹೆಜ್ಜೆ ಹಿಂದಿಡುವ ಈ ಕಥೆಯನ್ನು ನಾವು ದಾನಧರ್ಮದ ಉಪನ್ಯಾಸಗಳಿಗೆ ಮಾತ್ರ ಬಳಸಿಕೊಂಡಿದ್ದೇವೆ. ಅವಸರದ ಬೇರೂ ಅಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಇಂದಿಗೆ ಸಾಕು ಎಂಬ ಅಳತೆ ಗೊತ್ತಿರುವವನು ಓಡುವುದು ಯಾವುದಕ್ಕಾಗಿ?

ಮರುದಿನದಿಂದ ಐದು ಗಂಟೆಗೆ ಏಳುವುದೆಂದಾಯಿತು. ನೀರು ತುಂಬುವುದು, ಕಾಯಿಪಲ್ಲೆ ಹೆಚ್ಚುವುದು, ಅವ್ವನಿಗೆ ಔಷಧ ಕೊಡುವುದು ನಮ್ಮ ಪಾಲು. ಹಿಟ್ಟು ನಾದುವುದನ್ನೂ ಕಲಿತೆವು; ರೊಟ್ಟಿ ಬಡಿಯುವುದು ಮಾತ್ರ ಈ ಜನ್ಮಕ್ಕೆ ಒಲಿಯುವಂತೆ ಕಾಣುವುದಿಲ್ಲ. ಆರೂವರೆಗೆ ಒಲೆ ಆರಿಸಿ ಮೂವರೂ ಒಟ್ಟಿಗೆ ಪೂಜೆಗೆ ಕೂರುತ್ತೇವೆ. ಮೊಬೈಲುಗಳು ಅಡುಗೆಮನೆಯ ಡಬ್ಬಿಗಳ ಹಿಂದೆ.

ಊಟದಲ್ಲಿಯೂ ತುಸು ಬದಲಾಯಿತು. ತಟ್ಟೆಯಲ್ಲಿ ಒಂದಗುಳೂ ಬಿಡದೆ ಉಂಡು, ಕಡೆಗೆ ಅದೇ ತಟ್ಟೆಗೆ ನೀರು ಹಾಕಿ ತೊಳೆದು ಕುಡಿಯುವ ಹಿರಿಯರನ್ನು ನಾವೆಲ್ಲ ನೋಡಿದ್ದೇವೆ. ಅವ್ವ ಈಗಲೂ ಹಾಗೆಯೇ ಮಾಡುತ್ತಾರೆ. ಎಷ್ಟು ಬೇಕೋ ಅಷ್ಟೇ ನೀಡಿಸಿಕೊಂಡು ಮೆಲ್ಲಗೆ ಉಣ್ಣದ ಹೊರತು ಅದು ಸಾಧ್ಯವಿಲ್ಲ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕೆಂದು ವೈದ್ಯರು ಹೇಳುವುದುಂಟು. ಏಳು ನಿಮಿಷಕ್ಕೆ ಊಟ ಮುಗಿಸುತ್ತಿದ್ದ ನಮಗೆ ಆ ಸುದ್ದಿ ಬಸ್ಸಿನಲ್ಲಿ ಮುಟ್ಟುತ್ತಿತ್ತು, ತೇಗಿನ ರೂಪದಲ್ಲಿ.

ನಿಧಾನವೆಂದರೆ ಆಲಸ್ಯವೆಂದು ತಿಳಿಯುವವರಿಗೆ ಇಬ್ಬರನ್ನು ನೆನಪಿಸಬೇಕು. ವಚನ ಪಿತಾಮಹ ಫ. ಗು. ಹಳಕಟ್ಟಿಯವರು (1880-1964) ಆಗಿನ ಬಿಜಾಪುರದಲ್ಲಿ ವಕೀಲರಾಗಿದ್ದುಕೊಂಡು ಮನೆಮನೆಯ ಜಗಲಿಗಳಲ್ಲಿ ಧೂಳು ಹಿಡಿದಿದ್ದ ಓಲೆಗರಿಗಳನ್ನು ಹುಡುಕಿ ತಂದವರು. ಓಲೆಗರಿಯಲ್ಲಿ ಪದಪದಗಳ ನಡುವೆ ಬಿಡುವಿಲ್ಲ, ವಿರಾಮದ ಗುರುತಿಲ್ಲ. ಗರಿಗೆ ಕಾಡಿಗೆ ಬಳಿದು ಒರೆಸಿದರೆ ಕೊರೆದ ಅಕ್ಷರ ಕಪ್ಪಾಗಿ ಮೇಲೇಳುತ್ತದೆ. ಜೋರಾಗಿ ಒರೆಸಿದರೆ ಗರಿಯೇ ಮುರಿಯುತ್ತದೆ. ಹೀಗೆ ಒಂದೊಂದು ಸಾಲನ್ನೂ ಬಿಡಿಸಿ ಓದಿ, ಪಾಠಗಳನ್ನು ಹೋಲಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ನಮ್ಮ ಮನೆಗಳಲ್ಲಿ ಇಂದು ವಚನದ ಪುಸ್ತಕವೊಂದು ಇದೆಯೆಂದರೆ ಅದರ ಹಿಂದೆ ಅವರ ಆ ತಾಳ್ಮೆ ಇದೆ.

ಇನ್ನೊಬ್ಬರು ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದರು. ಅವರ ಪ್ರವಚನವನ್ನು ಕೇಳಿದವರಿಗೆ ಆ ದನಿ ಮರೆಯುವಂಥದಲ್ಲ. ಎಂದೂ ಏರದ ದನಿ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಒಂದು ಉಸಿರಿನಷ್ಟು ಮೌನ. ನಸುಕಿನ ಚಳಿಯಲ್ಲಿ ಸಾವಿರಾರು ಜನ ಕೆಮ್ಮದೆ ಕುಳಿತು ಕೇಳುತ್ತಿದ್ದರು. ಹೇಳಿದ ಹೊತ್ತಿಗೆ ಸರಿಯಾಗಿ ಆರಂಭ, ಹೇಳಿದ ಹೊತ್ತಿಗೆ ಮುಗಿತಾಯ. ಅವರ ಅಂಗಿಗೆ ಜೇಬು ಇರಲಿಲ್ಲವೆಂಬುದು ಎಲ್ಲರಿಗೂ ಗೊತ್ತಿರುವ ಮಾತು. ತಡಮಾಡದೆಯೂ ನಿಧಾನವಾಗಿರಬಹುದೆಂಬುದನ್ನು ನಾವು ಕಣ್ಣಾರೆ ಕಂಡದ್ದು ಅವರಲ್ಲಿ.

ಮೊನ್ನೆ ಬೆಂಗಳೂರಿನಿಂದ ಮಗ ಬಂದಿದ್ದ. ಗಣಕಯಂತ್ರದ ಕೆಲಸ, ಹಗಲು ರಾತ್ರಿಗಳ ಗಡಿ ಅಳಿಸಿಹೋದ ಬಾಳು. ಅಜ್ಜಿಯ ಒತ್ತಾಯಕ್ಕೆ ನಮ್ಮೊಡನೆ ಪೂಜೆಗೆ ಕುಳಿತ. ಎರಡು ನಿಮಿಷಕ್ಕೆ ಲಿಂಗವನ್ನು ಕರಡಿಗೆಯಲ್ಲಿಟ್ಟು ಎದ್ದು ನಿಂತ. ನಾವು ಏನೂ ಅನ್ನಲಿಲ್ಲ. ಅನ್ನುವ ಯೋಗ್ಯತೆ ನಮಗೆ ಬಂದು ಬಹಳ ದಿನಗಳೂ ಆಗಿಲ್ಲ. ಅವ್ವ ಮಾತ್ರ ಅವನ ಮುಂಗೈ ಹಿಡಿದು ತೋರಿಸಿದರು: "ಇನ್ನೂ ಹಸಿ ಐತೆಲ್ಲೋ." ಅವನು ತನ್ನ ಕೈಯನ್ನೇ ತುಸು ಹೊತ್ತು ನೋಡಿದ. ಮತ್ತೆ ಕುಳಿತ.

ಈ ವರುಷ ಮಳೆ ಹಿಡಿದುಕೊಂಡಿದೆ. ಗಾಳಿಯಲ್ಲಿ ಒದ್ದೆಯಿದ್ದಾಗ ವಿಭೂತಿ ತಡವಾಗಿ ಒಣಗುತ್ತದೆ. ಅಂಥ ದಿನ ಎಂಟೂವರೆಯ ಬಸ್ಸನ್ನು ಬಿಟ್ಟು ಹಿಂದಿನಿಂದ ಬರುವುದನ್ನು ಹಿಡಿಯುತ್ತೇವೆ.